ಬೆಳಗಿನ ಮೊದಲ ನೀರು

ಮುನಿರತ್ನಮ್ಮ ಸುಲಭಕ್ಕೆ ಹೆದರುವ ಹೆಂಗಸಲ್ಲ. ಒದೆಯುವ ಸೀಮೆಹಸುವಿನ ಹಿಂಗಾಲಿಗೆ ಹಗ್ಗ ಬಿಗಿದು ಕೂತು ಹಾಲು ಕರೆಯುವವಳು. ಸೌದೆ ಮೂಲೆಯಲ್ಲಿ ಸುತ್ತಿಕೊಂಡಿದ್ದ ಹಾವನ್ನು ಕೋಲಿನಲ್ಲೇ ಎತ್ತಿ ಬೇಲಿಯಾಚೆ ಎಸೆದು, ಕೈ ತೊಳೆದು, ಮತ್ತೆ ಮುದ್ದೆ ತಿರುವಲು ಕೂತವಳು. ಅಂಥವಳು ತೊಂಬತ್ತೈದನೇ ಇಸವಿಯಲ್ಲಿ, ಯುಗಾದಿ ಕಳೆದ ಎರಡನೇ ವಾರ, ಬೆಳಕು ಹರಿಯುವ ಹೊತ್ತಿಗೆ ತನ್ನ ಮನೆಯ ಬಚ್ಚಲ ಕಲ್ಲಿನ ಮುಂದೆ ಬ್ಯಾಟರಿ ಹಿಡಿದು ನಿಂತು ಗಡಗಡ ನಡುಗಿದಳು. ಗಂಡ ಕದಿರಪ್ಪ ಆಗಷ್ಟೇ ಎದ್ದು ಮೂತ್ರಕ್ಕೆ ಹೋಗಿ ಬಂದಿದ್ದ. ಕಲ್ಲಿನ ಸಂದಿಯಲ್ಲಿ ನಿಂತಿದ್ದ ನೀರು ಹಾಲು ಬೆರೆಸದ ಕಾಫಿಯ ಬಣ್ಣಕ್ಕಿತ್ತು.

ಕೇಳಿದರೆ ಅವನು ನಕ್ಕ. ಮೂರು ಸಾವಿರ ಅಡಿ ಕೆಳಗಿನ ಶೆಕೆಗೆ ಗಣಿಯವರೆಲ್ಲರದೂ ಒಂದಿಷ್ಟು ಕೆಂಪಗೇ ಇರುತ್ತದೆ, ಬೆವರಾಗಿ ಹೋದ ಮೇಲೆ ಉಳಿಯುವುದು ಇಷ್ಟೇ ಎಂದ. ಅಂಗಿ ಹಾಕಿಕೊಂಡು, ಬುತ್ತಿ ಡಬ್ಬಿಯನ್ನು ಸೈಕಲ್ಲಿಗೆ ಸಿಕ್ಕಿಸಿ, ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹಿಡಿಯಲು ಹೊರಟೇಹೋದ. ಅವನು ಹೋದ ಮೇಲೆ ಮುನಿರತ್ನಮ್ಮ ಎರಡು ಚೊಂಬು ನೀರು ಹೊಯ್ದು ಕಲ್ಲು ತೊಳೆದಳು.

ಕದಿರಪ್ಪನ ಕೆಲಸ ನಂದಿದುರ್ಗದ ಗಣಿಯೊಳಗೆ, ಕೇಜಿನ ಬಾಯಲ್ಲಿ. ಕೇಜೆಂದರೆ ಗಣಿಯ ಬಾವಿಯಲ್ಲಿ ಮೇಲೆ ಕೆಳಗೆ ಓಡಾಡುವ ಕಬ್ಬಿಣದ ಗೂಡು. ಯಾವ ಟ್ರಾಲಿಯಲ್ಲಿ ಚಿನ್ನದ ಕಲ್ಲಿದೆ, ಯಾವುದರಲ್ಲಿ ಬರೀ ದಂಡದ ಕಲ್ಲಿದೆ ಎಂದು ಆರಿಸಬೇಕು, ಮೇಲಕ್ಕೆ ಹೋಗಬೇಕಾದ್ದನ್ನು ಒಳಗೆ ತಳ್ಳಿ ಕೊಂಡಿ ಬಿಗಿಯಬೇಕು, ಆಮೇಲೆ ಗಂಟೆ ಹೊಡೆಯಬೇಕು. ಮೇಲಿರುವವನು ಗಂಟೆ ಎಣಿಸಿ ಎಂಜಿನ್ ಎಳೆಯುತ್ತಾನೆ. ಹನ್ನೆರಡು ವರ್ಷದಲ್ಲಿ ಒಂದು ಕೊಂಡಿಯೂ ಸಡಿಲ ಬಿಟ್ಟವನಲ್ಲ ಎಂದು ಅವನಿಗೆ ಒಳಗೊಳಗೇ ಹೆಮ್ಮೆ. ಕುಡಿತವಿಲ್ಲ, ಜಗಳವಿಲ್ಲ, ಮಗಳು ಗಂಗರತ್ನಳನ್ನು ಕಂಡರೆ ಪ್ರಾಣ. ಇಂಥ ಗಂಡಸಿಗೆ ಏನಾದರೂ ಆದೀತೆಂದು ಮುನಿರತ್ನಮ್ಮ ಕನಸಿನಲ್ಲಿ ಹೆದರಿದ್ದರೂ ಅದು ಗಣಿಯೊಳಗಿನ ಬಂಡೆ ಸಿಡಿತಕ್ಕೆ. ಬಚ್ಚಲ ಕಲ್ಲನ್ನು ನೋಡಿ ಹೆದರಬೇಕಾಗುತ್ತದೆಂದು ಅವಳು ಎಣಿಸಿರಲಿಲ್ಲ.

ಎರಡು ತಿಂಗಳಲ್ಲಿ ಅವನು ಬಿಳಿಚಿಕೊಂಡ. ಅಂಗೈ ಸುಣ್ಣದಂತಾಯಿತು. ಊರ ಏರಿಯನ್ನು ಸೈಕಲ್ ತುಳಿದು ಹತ್ತುತ್ತಿದ್ದವನು ಇಳಿದು ತಳ್ಳತೊಡಗಿದ. ಒಂದು ದಿನ ರೈಲಿನಲ್ಲಿ ನಿದ್ದೆ ಬಂದು, ಇಳಿಯುವ ಕಡೆ ಇಳಿಯದೆ ಮಾರಿಕುಪ್ಪಂವರೆಗೂ ಹೋಗಿ, ಪಾಳಿ ತಪ್ಪಿಸಿಕೊಂಡು ತಲೆ ತಗ್ಗಿಸಿ ಮನೆಗೆ ಬಂದ. ಹಗಲೆಲ್ಲ ಅವನ ನೀರು ತಿಳಿಯಾಗಿಯೇ ಇರುತ್ತಿತ್ತು. ಬೆಳಗ್ಗೆ ಎದ್ದಾಗಿನ ಮೊದಲನೆಯದು ಮಾತ್ರ ಕರ್ರಗೆ. ಬಚ್ಚಲ ಬಾಗಿಲು ಕಿರ್ರೆನ್ನುವ ಸದ್ದಿಗೇ ಮುನಿರತ್ನಮ್ಮ ಎದ್ದು ಕೂರುತ್ತಿದ್ದಳು. ನೋಡಬಾರದೆಂದುಕೊಂಡೇ ಹೋಗಿ ನೋಡುತ್ತಿದ್ದಳು.

ಅತ್ತೆ ಮುತ್ಯಾಲಮ್ಮನಿಗೆ ಮಾತ್ರ ಹೇಳಿದಳು. ಅವಳದು ಜೋರು ಬಾಯಿ, ಆದರೆ ಮಗನೆಂದರೆ ಬೆಣ್ಣೆ. ಮೈಯ ಉಷ್ಣ ಎಂದು ನೆತ್ತಿಗೆ ಹರಳೆಣ್ಣೆ ತಟ್ಟಿದಳು, ಮಜ್ಜಿಗೆ ಕುಡಿಸಿದಳು, ಎಳನೀರು ತರಿಸಿದಳು. ಏನೂ ಕೆಲಸಕ್ಕೆ ಬರಲಿಲ್ಲ. ಆಮೇಲೆ ಸೊಸೆಯನ್ನು ಹಿತ್ತಿಲಿಗೆ ಕರೆದು ದನಿ ತಗ್ಗಿಸಿ ಎಚ್ಚರಿಸಿದಳು. ಕೇರಿಗೆ ಗೊತ್ತಾದರೆ ರೋಗದ ಮನೆ ಎನ್ನುತ್ತಾರೆ, ಡೈರಿಯವರು ನಮ್ಮ ಹಾಲು ಮುಟ್ಟುವುದಿಲ್ಲ, ಆದ್ದರಿಂದ ಯಾರೂ ಏಳುವ ಮೊದಲು ತೊಳೆದುಬಿಡು. ಮುನಿರತ್ನಮ್ಮ ಹಾಗೇ ಮಾಡಿದಳು. ತೊಳೆದು ತೊಳೆದು ಅದು ಅವಳ ಬೆಳಗಿನ ಕೆಲಸಗಳಲ್ಲಿ ಒಂದಾಗಿಹೋಯಿತು.

ಕಡೆಗೆ ಕದಿರಪ್ಪನನ್ನು ಬಂಗಾರಪೇಟೆಯ ಒಂದು ನರ್ಸಿಂಗ್ ಹೋಮಿಗೆ ಕರೆದೊಯ್ದರು. ಅಲ್ಲಿನ ವಯಸ್ಸಾದ ಡಾಕ್ಟರು ಕಣ್ಣಿನ ರೆಪ್ಪೆ ಇಳಿಸಿ ನೋಡಿ, ರಕ್ತ ಬಹಳ ಕಮ್ಮಿ ಎಂದರು. ಮೂತ್ರ ಹೇಗೆ ಹೋಗುತ್ತದೆ ಎಂದು ಕೇಳಿದಾಗ ಕದಿರಪ್ಪ, ಗಣಿ ಶೆಕೆಗೆ ಒಂದಿಷ್ಟು ಕೆಂಪು ಎಂದಷ್ಟೇ ಹೇಳಿದ. ಪಕ್ಕದಲ್ಲಿ ಮುನಿರತ್ನಮ್ಮ ನಿಂತಿದ್ದಳು. ಕೆಂಪಲ್ಲ, ಕರ್ರಗೆ ಎನ್ನಬೇಕಿತ್ತು. ಎನ್ನಲಿಲ್ಲ. ಅದಕ್ಕೊಂದು ಹೆಸರು ಬಿದ್ದುಬಿಟ್ಟರೆ ಗಂಡ ಕೈಬಿಟ್ಟುಹೋಗುತ್ತಾನೆ ಎಂಬ ಭಯ ಅವಳನ್ನು ತಡೆಯಿತು. ಡಾಕ್ಟರು ಒಂದು ಪುಟ್ಟ ಬಾಟಲಿ ಕೊಟ್ಟು, ನಾಳೆ ಬೆಳಗಿನ ಮೂತ್ರ ತನ್ನಿ, ಪರೀಕ್ಷೆ ಮಾಡಿಸೋಣ ಎಂದರು.

ಈಗ ಮುನಿರತ್ನಮ್ಮ ಮಾಡಿದ್ದನ್ನು ಹೇಳಬೇಕು. ಕೇಳಿ ಬಯ್ಯುವವರು ಬಯ್ಯಲಿ. ಆದರೆ ಆ ಸೀಮೆಯಲ್ಲಿ ದಿನಕ್ಕೆರಡು ಸಲ ಡೈರಿಗೆ ಹಾಲು ಹಾಕುವ ಯಾವ ಹೆಂಗಸಾದರೂ ಅದನ್ನೇ ಮಾಡುತ್ತಿದ್ದಳು. ಕೆಚ್ಚಲು ತೊಳೆದು, ಒಂದೊಂದು ಮೊಲೆಯಿಂದಲೂ ಮೊದಲ ಧಾರೆಯನ್ನು ನೆಲಕ್ಕೆ ಹಿಂಡಿಬಿಡಬೇಕು. ರಾತ್ರಿಯೆಲ್ಲ ಮೊಲೆಯ ತುದಿಯಲ್ಲಿ ನಿಂತದ್ದು ಕೊಳೆ, ಅದು ಬಿದ್ದರೆ ಕ್ಯಾನೆಲ್ಲ ಕೆಡುತ್ತದೆ. ಡೈರಿಯಲ್ಲಿ ಸ್ಯಾಂಪಲ್ ಸರಿಯಿಲ್ಲದಿದ್ದರೆ ಕಾರ್ಯದರ್ಶಿ ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಹೆಸರು ಕೂಗಿ ಹಾಲು ವಾಪಸು ಕಳಿಸುತ್ತಾನೆ. ಆ ಅವಮಾನ ಒಮ್ಮೆ ಆದ ಮನೆಯವರು ವರ್ಷಗಟ್ಟಲೆ ತಲೆ ಎತ್ತುವುದಿಲ್ಲ. ಪರೀಕ್ಷೆ ಎಂದರೆ ಅವಳಿಗೆ ಗೊತ್ತಿದ್ದುದು ಅದೊಂದೇ. ಬೆಳಗಿನ ಕರೀ ನೀರನ್ನು ಚೆಲ್ಲಿ ತೊಳೆದಳು. ಹೀಗೇ ಹಿಡಿಯಬೇಕಂತೆ ಎಂದು ಗಂಡನಿಗೆ ಎರಡು ಲೋಟ ನೀರು ಕುಡಿಸಿದಳು. ಒಂಬತ್ತು ಗಂಟೆಗೆ ಬಂದ ಎರಡನೆಯದನ್ನು ಬಾಟಲಿಗೆ ಹಿಡಿದು, ಸೆರಗಿನಲ್ಲಿ ಮುಚ್ಚಿಕೊಂಡು ಬಸ್ಸು ಹತ್ತಿದಳು.

ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿದ್ದವನು ಪೆರುಮಾಳ್. ಚಿನ್ನದ ಗಣಿಯ ಕೂಲಿಗಳ ಲೈನ್ ಮನೆಯಲ್ಲಿ ಹುಟ್ಟಿದ ತಮಿಳಿನವನು, ಕನ್ನಡವನ್ನು ತನ್ನದೇ ರಾಗದಲ್ಲಿ ಆಡುತ್ತಿದ್ದ. ಸ್ಯಾಂಪಲ್ ನೋಡಿ, ಏನೂ ತೊಂದರೆಯಿಲ್ಲ ಎಂದು ಬರೆದುಕೊಟ್ಟ. ಡಾಕ್ಟರಿಗೆ ಲೆಕ್ಕ ಸರಿಹೋಯಿತು. ರಕ್ತ ಒಳಗೆ ಒಡೆಯುತ್ತಿದ್ದರೆ ಮೂತ್ರದಲ್ಲಿ ಕಾಣಬೇಕಿತ್ತು, ಕಾಣಲಿಲ್ಲ. ಗಣಿಯವರಿಗೆ ಅಂಗಾಲಿನಿಂದ ಹತ್ತುವ ಕೊಕ್ಕೆಹುಳುವಿನ ಕಾಟವೇ ಇದು ಎಂದು ಹುಳುವಿನ ಮಾತ್ರೆ ಕೊಟ್ಟು, ಕಬ್ಬಿಣದ ಇಂಜೆಕ್ಷನ್ ಚುಚ್ಚಿದರು. ಸ್ಯಾಂಪಲ್ ಪಾಸಾಯಿತೆಂದು ಮುನಿರತ್ನಮ್ಮನಿಗೆ ಆ ಸಂಜೆ ಗಂಟಲಲ್ಲಿ ಅನ್ನ ಇಳಿಯಿತು.

ಇಂಜೆಕ್ಷನ್ ಆದ ವಾರಕ್ಕೆ ಬಚ್ಚಲ ಕಲ್ಲು ಇನ್ನಷ್ಟು ಕಪ್ಪಾಯಿತು. ಕದಿರಪ್ಪನಿಗೆ ಸೊಂಟ ಹಿಡಿದುಕೊಂಡು ಮೂರು ದಿನ ಏಳಲಾಗಲಿಲ್ಲ. ಮತ್ತೆ ಡಾಕ್ಟರು, ಮತ್ತೆ ಬಾಟಲಿ, ಮತ್ತೆ ಚೊಕ್ಕ ಸ್ಯಾಂಪಲ್, ಮತ್ತೆ ಇಂಜೆಕ್ಷನ್. ಐದು ಸಲ ಹೀಗಾಯಿತು. ಇಂಜೆಕ್ಷನ್ನಿಗೂ ಕಪ್ಪಿಗೂ ಏನೋ ಇದೆ ಎಂದು ಮೂರನೆಯ ಸಲಕ್ಕೇ ಅವಳ ಒಳಮನಸ್ಸು ಹೇಳಿತ್ತು. ಹೇಳಿದ್ದನ್ನು ಅವಳು ಬಾಯಿಬಿಟ್ಟು ಆಡಲಿಲ್ಲ. ಆಡಿದರೆ ಕಪ್ಪು ನಿನಗೆ ಹೇಗೆ ಗೊತ್ತು, ಬಾಟಲಿಯಲ್ಲಿ ಯಾಕಿಲ್ಲ ಎನ್ನುವ ಪ್ರಶ್ನೆ ಬರುತ್ತದೆ. ಅಷ್ಟು ಹೊತ್ತಿಗೆ ತಾನೇನು ಮಾಡುತ್ತಿದ್ದೇನೆಂಬುದು ಅವಳಿಗೆ ಅರೆಬರೆ ಹೊಳೆಯತೊಡಗಿತ್ತು. ಪೂರಾ ಹೊಳೆಯಲು ಬಿಡದೆ ಅದರ ಮೇಲೆ ಕೂತಿದ್ದಳು, ಪಾಪಿ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಕದಿರಪ್ಪ ಬಂಗಾರಪೇಟೆ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕುಸಿದು ಬಿದ್ದ. ಯಾರೋ ಪುಣ್ಯಾತ್ಮರು ಗಾಡಿಗೆ ಹಾಕಿ ನರ್ಸಿಂಗ್ ಹೋಮಿಗೆ ಸೇರಿಸಿದರು. ಅತ್ತೆ ಸೊಸೆ ಓಡಿ ಬಂದಾಗ ಅವನ ಕಣ್ಣು ಅರಿಸಿನದ ಹಳದಿ, ತುಟಿ ಬಿಳುಪು, ಮಾತಿಗೆ ಮಾತಿಗೆ ಉಸಿರು. ಇನ್ನು ಒಂದೊಂದೇ ಇಂಜೆಕ್ಷನ್ ಸಾಲದು, ಮಾರನೆಯ ದಿನ ಹನ್ನೊಂದು ಗಂಟೆಗೆ ಒಂದು ಬಾಟಲಿ ತುಂಬ ಕಬ್ಬಿಣದ ಔಷಧಿಯನ್ನೇ ನರಕ್ಕೆ ಹನಿಸೋಣ ಎಂದು ಡಾಕ್ಟರು ಬರೆದರು.

ಮುನಿರತ್ನಮ್ಮ ಲೆಕ್ಕ ಹಾಕಿದಳು. ಒಂದು ಚುಚ್ಚಿಗೆ ಮೂರು ದಿನ ಮಲಗಿದವನಿಗೆ ಒಂದು ಬಾಟಲಿ. ಬೆಳಗ್ಗೆ ಔಷಧಿ ಹಿಡಿದು ಬಂದ ನರ್ಸಿಗೆ, ಇದು ಇವರಿಗೆ ಆಗಿಬರಲ್ಲಮ್ಮ ಎಂದಳು. ರಿಪೋರ್ಟೆಲ್ಲ ಚೆನ್ನಾಗಿದೆಯಲ್ಲ, ಸುಮ್ಮನೆ ಹೆದರಬೇಡಿ ಎಂದು ನರ್ಸು ಬಾಟಲಿಯನ್ನು ಕಂಬಕ್ಕೆ ನೇತುಹಾಕಿ, ಸೂಜಿ ತರಲು ಒಳಗೆ ಹೋದಳು.

ಆಗಲೇ ಪೆರುಮಾಳ್ ರಿಪೋರ್ಟುಗಳ ಕಟ್ಟು ಹಿಡಿದು ಬಂದ. ಹಿಂದೆಯೇ ಡಾಕ್ಟರೂ ಬಂದರು. ಪೆರುಮಾಳ್ ಮುಖದಲ್ಲಿ ನಿದ್ದೆಯಿರಲಿಲ್ಲ. ನಿನ್ನೆ ತೆಗೆದ ರಕ್ತವನ್ನು ಗಾಜಿಗೆ ಹಚ್ಚಿ ನೋಡಿದೆ, ಒಡೆಯುತ್ತಿರುವ ಗುರುತು ಚೆನ್ನಾಗಿ ಕಾಣುತ್ತಿದೆ, ಮೂತ್ರದಲ್ಲಿ ಮಾತ್ರ ಐದು ಸಲವೂ ಏನಿಲ್ಲ, ಐದನ್ನೂ ನೋಡಿದವನು ನಾನೇ, ನನ್ನ ಕಣ್ಣೇ ಸರಿಯಿಲ್ಲವೇನೋ ಸಾರ್ ಎಂದ. ಮುತ್ಯಾಲಮ್ಮನಿಗೆ ಅಷ್ಟೇ ಸಾಕಾಯಿತು. ನೀನು ನೋಡದೆಯೇ ಬರೆದು ಕೊಟ್ಟೆಯೋ ಏನೋ, ನನ್ನ ಮಗನನ್ನು ಮಣ್ಣಿಗೆ ಹಾಕಲು ನಿಂತಿದ್ದೀಯಾ ಎಂದು ಬಾಯಿಗೆ ಬಂದಂತೆ ಬಯ್ದಳು. ಅವನು ಕಟ್ಟನ್ನು ಎದೆಗೆ ಒತ್ತಿಕೊಂಡು ನಿಂತ. ನರ್ಸು ಸೂಜಿಯ ತಟ್ಟೆ ಹಿಡಿದು ಬಂದಳು.

"ಅತ್ತೆ, ಅವರ್ನ ಬಯ್ಯಬ್ಯಾಡ," ಮುನಿರತ್ನಮ್ಮ ಎಂದಳು. ದನಿ ತನ್ನದಲ್ಲವೇನೋ ಎನಿಸಿತು. "ಬೆಳಗಿಂದು ಮೊದಲ್ನೇದು ಯಾವತ್ತೂ ನಾನು ತರ್ಲೇ ಇಲ್ಲ. ಅದು ಕರ್ರಗಿತ್ತು. ಚೆಲ್ಬುಟ್ಟು, ಎರಡ್ನೇದು ತತ್ತಿದ್ದೆ."

ಡಾಕ್ಟರು ಯಾಕೆಂದು ಕೇಳಿದರು. ಬಯ್ಯಲಿಲ್ಲ, ಮೆಲ್ಲಗೇ ಕೇಳಿದರು.

"ಆಲು ಅಂಗೇ ತಾನೆ ಸಾರ್ ಕೊಡೋದು? ಮೊದಲ ಧಾರೆ ಚೆಲ್ಲೀ ತಾನೆ?"

ನರ್ಸಿನ ಕೈಯಿಂದ ಡಾಕ್ಟರೇ ತಟ್ಟೆ ತೆಗೆದುಕೊಂಡರು. ಮುತ್ಯಾಲಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ಗೋಡೆಗೆ ಒರಗಿದಳು. ತೊಳೆದುಬಿಡು ಎಂದು ಹೇಳಿಕೊಟ್ಟವಳು ತಾನೇ ಎಂಬುದು ಅವಳಿಗೂ ನೆನಪಿತ್ತು. ಮುನಿರತ್ನಮ್ಮ ಹಾಸಿಗೆಯತ್ತ ನೋಡಿದಳು. ಕದಿರಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವಳನ್ನೇ ಒಂದು ಕ್ಷಣ ನೋಡಿ, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ. ಔಷಧಿಯ ಬಾಟಲಿಗಿಂತ ಹೆಚ್ಚಾಗಿ ಅವಳು ಹೆದರಿದ್ದು ಇದಕ್ಕೇ.

ಮಾರನೆಯ ಬೆಳಗ್ಗೆ ಪೆರುಮಾಳ್ ತಾನೇ ಬಂದು ಮೊದಲ ನೀರನ್ನು ಗಾಜಿನ ಬಾಟಲಿಗೆ ಹಿಡಿಸಿಕೊಂಡು ಹೋದ. ಅದರಲ್ಲಿ ರಕ್ತದ ಇಡೀ ಕಣ ಒಂದೂ ಇರಲಿಲ್ಲ. ಒಡೆದ ಕಣಗಳ ಬಣ್ಣ ಮಾತ್ರ ಇತ್ತು. ಡಾಕ್ಟರು ಕಾಗದ ಬರೆದುಕೊಟ್ಟು, ಅದೇ ದಿನ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ದಾರಿಯುದ್ದಕ್ಕೂ ಕದಿರಪ್ಪ ತಾಯಿಯ ತೊಡೆಯ ಮೇಲೆ ತಲೆಯಿಟ್ಟಿದ್ದ. ನೀರು ಬೇಕಾದಾಗ ತಾಯಿಯನ್ನೇ ಕೇಳಿದ.

ಬೆಂಗಳೂರಿನಲ್ಲಿ ನೋಡಿದವರು ಡಾಕ್ಟರ್ ಅನಸೂಯಮ್ಮ. ರಕ್ತದ ರೋಗಗಳಿಗೇ ಓದಿದವರು, ಕನ್ನಡಕ ಹಣೆಗೇರಿಸಿ ಮಾತಾಡುವವರು. ಕದಿರಪ್ಪನ ರಕ್ತಕ್ಕೂ ಬೇರೆಯವರ ರಕ್ತಕ್ಕೂ ತುಸು ಹುಳಿ ಬೆರೆಸಿದ ರಕ್ತರಸವನ್ನು, ಅಂದರೆ ಕಣ ತೆಗೆದ ತಿಳಿಯನ್ನು, ಸೇರಿಸಿ ಇಟ್ಟರೆ, ಬೇರೆಯವರ ಕಣಗಳು ಹಾಗೇ ಉಳಿದವು, ಅವನವು ಒಡೆದು ಗಾಜಿನ ಕೊಳವೆಯೆಲ್ಲ ಕೆಂಪಾಯಿತು. ರೋಗ ಸಿಕ್ಕಿತು ಎಂದರು ಅವರು. ಮೂವರನ್ನೂ ಕೂರಿಸಿಕೊಂಡು ಹೇಳಿದರು.

ನಮ್ಮ ಮೈಯಲ್ಲಿ ಕಾವಲಿನವರಿದ್ದಾರೆ, ಹೊರಗಿನಿಂದ ಬಂದ ಕ್ರಿಮಿಯನ್ನು ಕಂಡಲ್ಲಿ ಚುಚ್ಚಿ ಒಡೆಯುವುದು ಅವರ ಕೆಲಸ. ನಮ್ಮದೇ ಕಣಗಳನ್ನು ಅವರು ಒಡೆಯದಿರಲು, ಒಂದೊಂದು ಕಣದ ಹೊರಮೈಯಲ್ಲೂ ಅವರನ್ನು ತಡೆಯುವ ಪ್ರೋಟೀನುಗಳು ತೂಗಾಡುತ್ತಿರುತ್ತವೆ. ಅವು ಹುಟ್ಟುವುದು ಕಣದ ಒಳಮನೆಯಲ್ಲಿ. ಅಲ್ಲೇ ಅವುಗಳ ಬಾಲಕ್ಕೆ ಸಕ್ಕರೆ ಮತ್ತು ಕೊಬ್ಬಿನಿಂದಾದ ಒಂದು ಕೊಂಡಿ ಬೀಳುತ್ತದೆ. ಕೊಂಡಿ ಬಿದ್ದದ್ದನ್ನು ಆರಿಸಿ, ಚಿಕ್ಕ ಚಿಕ್ಕ ಚೀಲಗಳಲ್ಲಿ ತುಂಬಿ ಮೇಲಕ್ಕೆ ಸಾಗಿಸಲಾಗುತ್ತದೆ. ಮೇಲೆ ಹೋದ ಮೇಲೆ ಆ ಕೊಬ್ಬು ಕಣದ ಪೊರೆಯಲ್ಲಿ ನಾಟಿಕೊಂಡು ಪ್ರೋಟೀನನ್ನು ಹಿಡಿದಿಡುತ್ತದೆ. ನಿಮ್ಮ ಯಜಮಾನರ ಮೂಳೆಯೊಳಗೆ ರಕ್ತ ಹುಟ್ಟಿಸುವ ಒಂದು ತಾಯಿಕಣ ಆ ಕೊಂಡಿ ಮಾಡುವುದನ್ನೇ ಮರೆತಿದೆ, ಅದರ ಮಕ್ಕಳಾದ ಕಣಗಳೆಲ್ಲ ಮೈ ಬರಿದಾಗಿ ಹೊರಗೆ ಬರುತ್ತಿವೆ, ಸ್ವಂತ ಕಾವಲಿನವರೇ ಅವನ್ನು ಒಡೆಯುತ್ತಿದ್ದಾರೆ. ಆ ಕಣದ ಜೀನಿನ ಬರಹದಲ್ಲಿ ಮರೆವು ಯಾವ ಅಕ್ಷರದಲ್ಲಿದೆ ಎಂದು ಪ್ರಪಂಚಕ್ಕೇ ಗೊತ್ತಾಗಿ ಇನ್ನೂ ಎರಡು ವರ್ಷ. ಕಬ್ಬಿಣ ಚುಚ್ಚಿದಾಗ ಹೊಸದಾಗಿ ಹುಟ್ಟಿದ ಅಂಥ ಬರಿಮೈ ಕಣಗಳು ಒಟ್ಟಿಗೇ ದಂಡಾಗಿ ಹೊರಟು ಒಟ್ಟಿಗೇ ಒಡೆದುಹೋದವು.

ಮಗಳಿಗೂ ಬರುತ್ತದೆಯೇ ಎಂದು ಮುನಿರತ್ನಮ್ಮ ಕೇಳಿದಳು. ಇಲ್ಲ, ಇದು ಹುಟ್ಟಿನಿಂದ ಬಂದದ್ದಲ್ಲ, ಮಗಳಿಗೆ ದಾಟುವುದೂ ಇಲ್ಲ ಎಂದರು. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಒಂದು ಗಳಿಗೆ ಅತ್ತಳು.

ಹೆಂಗಸರಿಗೆ ಅರ್ಧವೂ ತಿಳಿಯದ ಮಾತು ಕದಿರಪ್ಪನಿಗೆ ಪೂರಾ ತಿಳಿದಿತ್ತು.

"ಕೊಂಡಿ ಬೀಳ್ದೇ ಇರೋ ಮಾಲು ಏನಾಗ್ತದೆ ಡಾಕ್ಟ್ರೇ?" ಎಂದ. "ಕೆಳಗೇ ಉಳ್ಕೊಂತದಾ?"

ಕೆಳಗೇ ಉಳಿಯುತ್ತದೆ, ಕಣ ಅದನ್ನು ಒಳಗೇ ಪುಡಿಮಾಡಿ ಕರಗಿಸಿಬಿಡುತ್ತದೆ ಎಂದರು ಡಾಕ್ಟರು. ಕದಿರಪ್ಪನ ಮುಖ ಇನ್ನೂ ಬಿಳಿಚಿತು. ಬಂಡೆ ಸಿಡಿದ ದಿನ ಮೇಲೆ ಬರಲಾಗದೆ ಕೆಳಗೇ ಉಳಿದವರನ್ನು ಅವನು ಕಂಡಿದ್ದ. ತನ್ನ ಮೈಯೊಳಗೇ ಯಾವನೋ ಒಬ್ಬ ಕೊಂಡಿ ಹಾಕದೆ ಸುಮ್ಮನೆ ಕೂತಿದ್ದಾನೆಂಬುದು ಅವನಿಗೆ ಸಹಿಸಲಾಗಲಿಲ್ಲ. ಹೆದರಿಕೊಂಡು, ಎದ್ದು ಹೊರಗೆ ಹೋಗಿ ವರಾಂಡದ ಬೆಂಚಿನ ಮೇಲೆ ಕೂತ.

ಪೂರ್ತಿ ವಾಸಿಮಾಡುವ ಮದ್ದು ಈಗ ನಮ್ಮಲ್ಲಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಮಾತ್ರೆ ನುಂಗಬೇಕು, ಬೇಕಾದಾಗ ಬೇರೆಯವರ ರಕ್ತವನ್ನು ರಸ ಹೋಗುವಂತೆ ತೊಳೆದು ಹಾಕಿಸಿಕೊಳ್ಳಬೇಕು, ಹೀಗೆ ಎಷ್ಟೋ ಜನ ಎಷ್ಟೋ ವರ್ಷ ಬದುಕಿದ್ದಾರೆ. ಹೊಟ್ಟೆಯ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಹೊಟ್ಟೆ ನೋಯತೊಡಗಿದರೆ ಮಾತ್ರ ಕೈಮೀರುತ್ತದೆ. ಅದಕ್ಕೆ ಬೆಳಗಿನ ಮೊದಲ ನೀರನ್ನು ದಿನವೂ ಗಾಜಿನ ಬಾಟಲಿಯಲ್ಲಿ ಹಿಡಿದು ನೋಡಿ, ಹಿಂದಿನ ದಿನಕ್ಕಿಂತ ಕಪ್ಪಾಗಿದ್ದರೆ ಒಂದು ದಿನವೂ ಕಾಯದೆ ಬನ್ನಿ ಎಂದು ಮುನಿರತ್ನಮ್ಮನ ಮುಖವನ್ನೇ ನೋಡಿ ಹೇಳಿದರು. ಮರುದಿನ ಒಂದು ಬಾಟಲಿ ತೊಳೆದ ರಕ್ತ ಹಾಕಿ, ಮಾತ್ರೆ ಕೊಟ್ಟು ಮನೆಗೆ ಕಳಿಸಿದರು.

ಮನೆಗೆ ಬಂದು ಹನ್ನೆರಡು ದಿನವಾದರೂ ಕದಿರಪ್ಪ ಹೆಂಡತಿಯೊಂದಿಗೆ ಮಾತಾಡಲಿಲ್ಲ. ಬಾಟಲಿಯನ್ನು ಬೆಳಗ್ಗೆ ಬಚ್ಚಲ ಕಿಟಕಿಯ ಮೇಲಿಟ್ಟು, ತಾನು ಅತ್ತ ನೋಡದೆ ಹೋಗಿ ಮಲಗುತ್ತಿದ್ದ. ಅವಳು ಬೆಳಕಿಗೆ ಹಿಡಿದು ನೋಡಿ, ಅತ್ತೆಗೆ ಹೇಳುತ್ತಿದ್ದಳು, ಅತ್ತೆ ಅವನಿಗೆ ಹೇಳುತ್ತಿದ್ದಳು. ದಿನದಿಂದ ದಿನಕ್ಕೆ ಬಣ್ಣ ತಿಳಿಯಾಗುತ್ತಾ ಬಂತು. ಕಾಫಿ ಹೋಗಿ ಚಹಾ ಆಯಿತು, ಚಹಾ ಹೋಗಿ ಬೆಲ್ಲದ ನೀರಾಯಿತು. ಗಂಗರತ್ನಳೊಂದಿಗೆ ಅವನು ಒಂದು ಸಂಜೆ ನಗುವುದು ಕೇಳಿಸಿತು. ಮುತ್ಯಾಲಮ್ಮ ಮಗ ಗೆದ್ದುಕೊಂಡನೆಂದು ಊರೆಲ್ಲ ಹೇಳಿಕೊಂಡು ಬಂದಳು, ಇಷ್ಟು ದಿನ ಮುಚ್ಚಿಟ್ಟವಳು ತಾನೇ ಎಂಬುದನ್ನು ಮರೆತು. ಪೆರುಮಾಳ್‌ಗೆ ಒಂದು ಸೇರು ತುಪ್ಪ ಕಳಿಸಿದಳು.

ಹದಿಮೂರನೆಯ ಬೆಳಗ್ಗೆ ಮುನಿರತ್ನಮ್ಮ ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. ಬೆಲ್ಲದ ನೀರಲ್ಲ. ಹಿಂದೆ ಯಾವತ್ತೂ ಕಾಣದ ಕಪ್ಪು, ಆಚೆಗಿನ ಕಿಟಕಿಯ ಸರಳು ಕೂಡ ಕಾಣದಷ್ಟು. ಅತ್ತೆ ಹಿತ್ತಿಲಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಕಿಟಕಿಯ ಕೆಳಗೇ ಬಚ್ಚಲ ಕಲ್ಲಿತ್ತು, ಪಕ್ಕದಲ್ಲಿ ನೀರು ತುಂಬಿದ ಹಂಡೆಯಿತ್ತು. ಚೆಲ್ಲಿ ತೊಳೆದು ಇನ್ನೊಂದು ದಿನ ನೋಡೋಣ, ನಾಳೆ ತಿಳಿಯಾದರೂ ಆಗಬಹುದು, ಅವನ ಮುಖದ ನಗು ಇನ್ನೊಂದು ದಿನವಾದರೂ ಇರಲಿ. ಹೀಗೆ ಅವಳ ಮನಸ್ಸು ಹೇಳಿದ್ದು ನಿಜ. ಕೈ ಬಾಟಲಿಯ ಮುಚ್ಚಳದ ಮೇಲೆ ಇದ್ದದ್ದೂ ನಿಜ.

"ಎಂಗೈತೆ?"

ಬಾಗಿಲಲ್ಲಿ ಕದಿರಪ್ಪ ನಿಂತಿದ್ದ. ಅವಳೊಂದಿಗೆ ಮಾತಾಡಿ ಹದಿನೈದು ದಿನದ ಮೇಲಾಗಿತ್ತು. ಬಾಟಲಿಯತ್ತ ನೋಡುತ್ತಿರಲಿಲ್ಲ, ಕಣ್ಣು ನೆಲದ ಮೇಲಿತ್ತು. ಒಂದು ಕೈ ಹೊಟ್ಟೆಯನ್ನು ಹಿಡಿದುಕೊಂಡಿತ್ತು.

"ನಂಗೆ ನೋಡಾಕೆ ಧೈರ್ಯ ಸಾಲ್ದು ರತ್ನಾ," ಎಂದ. "ನೀನೇ ನೋಡಿ ಏಳು. ನಿಜ ಏಳು."

ಮುನಿರತ್ನಮ್ಮ ಮುಚ್ಚಳದ ಮೇಲಿಂದ ಕೈ ತೆಗೆದಳು.

"ಕರ್ರಗೈತೆ," ಎಂದಳು. "ಇಷ್ಟು ದಿನದಲ್ಲಿ ಇಷ್ಟು ಕರ್ರಗೆ ಯಾವತ್ತೂ ಇರ್ಲಿಲ್ಲ."

ಅವನು ಕಣ್ಣು ಮುಚ್ಚಿಕೊಂಡು ಬಾಗಿಲ ಚೌಕಟ್ಟಿಗೆ ಒರಗಿದ. ಅವಳು ಬಾಟಲಿಯನ್ನು ಬಿಗಿಯಾಗಿ ಮುಚ್ಚಿ ಬಟ್ಟೆಯಲ್ಲಿ ಸುತ್ತಿದಳು. ಅವನ ಇನ್ನೊಂದು ಕೈ ಅವಳ ಭುಜವನ್ನು ಹುಡುಕಿ ಹಿಡಿದುಕೊಂಡಿತು.

"ಅಂಗಾದ್ರೆ ಆಲು ಅವ್ವ ಕರೀಲಿ," ಎಂದ. "ನೀನು ಸೀರೆ ಉಟ್ಕೋ. ಬೆಂಗ್ಳೂರಿನ ಮೊದಲ್ನೇ ರೈಲಿಗೇ ಓಗಾನ."